ಚಾವಣಿ ಹೋದ ಚರ್ಚು, ಒಳಗೆಲ್ಲ ತೋಟ

ಪ್ರಶ್ನೆ: ಮುಂದಿನ ತಿಂಗಳು ಮಗಳ ಮನೆಗೆಂದು ಲಂಡನ್‌ಗೆ ಹೊರಟಿದ್ದೇವೆ. ಬಾಂಬಿಗೆ ಹಾಳಾದ ಸೇಂಟ್ ಡನ್‌ಸ್ಟನ್ ಚರ್ಚನ್ನು ಸಾರ್ವಜನಿಕ ಉದ್ಯಾನ ಮಾಡಿದ್ದಾರಂತೆ. ಮ್ಯಾಪಿನಲ್ಲಿ ಹುಡುಕಿದರೆ ಒಂದೇ ಹೆಸರು ಮೂರು ಕಡೆ ಬರುತ್ತದೆ. ಯಾವುದಕ್ಕೆ ಹೋಗಬೇಕು?

ಉತ್ತರ: ‘ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್’ ಎಂದು ಪೂರ್ತಿ ಟೈಪ್ ಮಾಡಿ. ‘ಇನ್ ದಿ ವೆಸ್ಟ್’ ಇರುವುದು ಫ್ಲೀಟ್ ಸ್ಟ್ರೀಟ್‌ನಲ್ಲಿ. ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ, ತೋಟ ಇಲ್ಲ. ಮೂರನೆಯದು ಸ್ಟೆಪ್ನಿಯಲ್ಲಿ. ತಪ್ಪಿ ಫ್ಲೀಟ್ ಸ್ಟ್ರೀಟ್‌ಗೆ ಹೋಗಿಬಿಟ್ಟರೆ ಬೇಜಾರು ಬೇಡ. ಗಂಟೆ ಹೊಡೆಯುವ ಇಬ್ಬರು ದೈತ್ಯರ 1671ರ ಗಡಿಯಾರವನ್ನು ನೋಡಿಕೊಂಡು, ಟೆಂಪಲ್ ಸ್ಟೇಷನ್‌ಗೆ ನಡೆದು, ಪೂರ್ವಕ್ಕೆ ಹೋಗುವ ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಲೈನ್ ರೈಲು ಹತ್ತಿ. ನಾಲ್ಕನೇ ನಿಲ್ದಾಣವೇ ಮಾನ್ಯುಮೆಂಟ್.

ಅಲ್ಲಿಂದ ಈಸ್ಟ್‌ಚೀಪ್ ರಸ್ತೆಯಲ್ಲಿ ಪೂರ್ವಕ್ಕೆ ನಡೆಯಿರಿ. ಅದೇ ರಸ್ತೆ ಮುಂದೆ ಗ್ರೇಟ್ ಟವರ್ ಸ್ಟ್ರೀಟ್ ಆಗುತ್ತದೆ. ಬಲಕ್ಕೆ ಐಡಲ್ ಲೇನ್ ಎಂಬ ಸಣ್ಣ ಓಣಿ, ಅದನ್ನು ದಾಟಿದರೆ ಸೇಂಟ್ ಡನ್‌ಸ್ಟನ್ಸ್ ಹಿಲ್. ಈ ಎರಡರ ನಡುವಿನ ಜಾಗವೇ ಉದ್ಯಾನ. ಸುತ್ತ ಎತ್ತರದ ಆಫೀಸು ಕಟ್ಟಡಗಳಿರುವುದರಿಂದ ಫೋನಿನ ಜಿಪಿಎಸ್ ಅಲ್ಲಲ್ಲಿ ಎಡವುತ್ತದೆ. ಕೊನೆಯ ನೂರಿನ್ನೂರು ಹೆಜ್ಜೆ ಬೀದಿಯ ಹೆಸರಿನ ಫಲಕ ನೋಡಿಕೊಂಡೇ ಹೋಗಿ.

ಪ್ರಶ್ನೆ: ಯಾವ ಹೊತ್ತಿಗೆ ಹೋದರೆ ಒಳ್ಳೆಯದು? ಟಿಕೆಟ್ ಇದೆಯೇ?

ಉತ್ತರ: ಟಿಕೆಟ್ ಇಲ್ಲ. ಬೆಳಿಗ್ಗೆ 8ಕ್ಕೆ ತೆರೆಯುತ್ತಾರೆ. ಮುಚ್ಚುವುದು ಸಂಜೆ 7ಕ್ಕೆ ಅಥವಾ ಕತ್ತಲಾಗುವ ಹೊತ್ತಿಗೆ, ಯಾವುದು ಮೊದಲೋ ಆಗ. ಜನ ಮೋಸಹೋಗುವುದು ಈ ‘ಯಾವುದು ಮೊದಲೋ’ ಎಂಬಲ್ಲೇ. ಡಿಸೆಂಬರಿನಲ್ಲಿ ಲಂಡನ್‌ನಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಊಟ ಮುಗಿಸಿ ನಿಧಾನಕ್ಕೆ ಹೊರಟರೆ ಗೇಟು ಹಾಕಿರುತ್ತದೆ. ಕ್ರಿಸ್‌ಮಸ್ ಮತ್ತು ಹೊಸವರ್ಷದ ರಜೆಯಲ್ಲಿ ಹೋಗುವುದಾದರೆ ಸಿಟಿ ಆಫ್ ಲಂಡನ್ ಕಾರ್ಪೊರೇಷನ್‌ನ ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ವಾರದ ದಿನ ಹನ್ನೆರಡರಿಂದ ಎರಡರವರೆಗೆ ಬೆಂಚುಗಳೆಲ್ಲ ಡಬ್ಬಿ ಬಿಚ್ಚಿದ ಆಫೀಸಿನವರ ಪಾಲು. ಜಾಗ ಬಹಳ ಚಿಕ್ಕದು, ಮೂವತ್ತು ಜನ ಸೇರಿದರೂ ಗದ್ದಲ ಎನಿಸುತ್ತದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು ಒಳ್ಳೆಯ ಹೊತ್ತು. ಉದ್ಯಾನದೊಳಗೆ ಶೌಚಾಲಯ ಇಲ್ಲ, ವಯಸ್ಸಾದವರು ಜೊತೆಗಿದ್ದರೆ ಮೊದಲೇ ಮುಗಿಸಿಕೊಂಡು ಬನ್ನಿ. ಭಾನುವಾರ ಆ ಭಾಗದ ಕಾಫಿ ಅಂಗಡಿಗಳಲ್ಲಿ ಎಷ್ಟೋ ಮುಚ್ಚಿರುತ್ತವೆ. ಮಳೆ ಬಂದಿದ್ದರೆ ಹಾಸುಗಲ್ಲು ಜಾರುತ್ತದೆ.

ಪ್ರಶ್ನೆ: ಇದು ಮಧ್ಯಯುಗದ ಚರ್ಚಿನ ಅವಶೇಷ ಎಂದು ಒಂದು ಕಡೆ, ಕ್ರಿಸ್ಟೋಫರ್ ರೆನ್ ಕಟ್ಟಿದ್ದು ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ?

ಉತ್ತರ: ಮೊದಲನೆಯದು ತಪ್ಪು, ಎರಡನೆಯದು ಅರ್ಧ ನಿಜ. ಇಲ್ಲಿ ಚರ್ಚು ಎದ್ದದ್ದು 1100ರ ಸುಮಾರಿಗೆ. ಆದರೆ ಈಗ ಬಳ್ಳಿ ಹಬ್ಬಿರುವ ಗೋಡೆಗಳಿಗೆ ಇನ್ನೂರು ವರ್ಷದ ಮೇಲೆ ಸ್ವಲ್ಪ ವಯಸ್ಸು, ಅಷ್ಟೆ.

ಆದದ್ದು ಹೀಗೆ. 1666ರ ಮಹಾಬೆಂಕಿಯಲ್ಲಿ ಸುಟ್ಟ ಚರ್ಚನ್ನು ಕೆಡವದೆ ತೇಪೆ ಹಾಕಿ ಉಳಿಸಿಕೊಂಡರು. 1695ರಿಂದ 1701ರ ನಡುವೆ ವಾಸ್ತುಶಿಲ್ಪಿ ರೆನ್ ಅದಕ್ಕೆ ಗೋಪುರ ಸೇರಿಸಿದ. ಹಳೆಯ ಚರ್ಚಿಗೆ ಒಪ್ಪಲಿ ಎಂದು ತನ್ನ ಎಂದಿನ ಶೈಲಿ ಬಿಟ್ಟು, ಚೂಪು ಕಮಾನುಗಳ ಮಧ್ಯಯುಗದ ಗಾಥಿಕ್ ಶೈಲಿ ಹಿಡಿದ. ಕೆಳಗೆ ನಿಂತು ತಲೆ ಎತ್ತಿ ನೋಡಿ: ಸೂಜಿಯಂಥ ಶಿಖರ ಗೋಪುರದ ಮೇಲೆ ನೇರವಾಗಿ ಕೂತಿಲ್ಲ. ನಾಲ್ಕು ಮೂಲೆಯಿಂದ ಎದ್ದ ಕಮಾನುಗಳು ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದಿವೆ, ನಡುವೆ ಆಕಾಶ ಕಾಣುತ್ತದೆ.

ಮುಖ್ಯ ಕಟ್ಟಡದ ಕಥೆ ಬೇರೆ. ಇಳಿಜಾರು ಚಾವಣಿಯ ಭಾರ ಕೆಳಕ್ಕೆ ಮಾತ್ರ ಬೀಳುವುದಿಲ್ಲ, ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. 1817ರ ಹೊತ್ತಿಗೆ ಗೋಡೆಗಳು ಲಂಬದಿಂದ ಏಳು ಇಂಚು ಹೊರಕ್ಕೆ ವಾಲಿದ್ದವು. ರಿಪೇರಿ ಸಾಲದೆಂದು ಗೋಪುರವೊಂದನ್ನು ಬಿಟ್ಟು ಉಳಿದದ್ದನ್ನು ಕೆಡವಿ, ಡೇವಿಡ್ ಲೇಯಿಂಗ್ ಪೋರ್ಟ್‌ಲ್ಯಾಂಡ್ ಕಲ್ಲಿನಲ್ಲಿ ಹೊಸದಾಗಿ ಕಟ್ಟಿದ. 1821ರಲ್ಲಿ ಬಾಗಿಲು ತೆರೆಯಿತು. 1941ರಲ್ಲಿ ಬಾಂಬು ಬಿದ್ದಾಗ ಹೋದದ್ದು ಈ ಹೊಸ ಚರ್ಚು. ಉತ್ತರ, ದಕ್ಷಿಣದ ಗೋಡೆಗಳು ಉಳಿದವು, ರೆನ್‌ನ ಗೋಪುರ ಅಲುಗಲಿಲ್ಲ. 1967ರಲ್ಲಿ ಕಾರ್ಪೊರೇಷನ್ ಇದನ್ನು ಉದ್ಯಾನ ಮಾಡಲು ತೀರ್ಮಾನಿಸಿತು.

ಪ್ರಶ್ನೆ: ಅಷ್ಟೊಂದು ಬಳ್ಳಿ ಬಿಟ್ಟರೆ ಗೋಡೆ ಬಿರಿಯುವುದಿಲ್ಲವೇ? ನಮ್ಮಲ್ಲಿ ಅರಳಿ ಸಸಿ ಕಂಡ ಕೂಡಲೇ ಕೀಳುತ್ತೇವೆ.

ಉತ್ತರ: ಅರಳಿಗೂ ಗೋಡೆ ಮೇಲೆ ಹಬ್ಬುವ ಬಳ್ಳಿಗೂ ವ್ಯತ್ಯಾಸವಿದೆ. ಅರಳಿ ಗೋಡೆಯೊಳಗೇ ಬೇರೂರುತ್ತದೆ. ಐವಿಯಂಥ ಬಳ್ಳಿಯ ಬೇರು ನೆಲದಲ್ಲಿರುತ್ತದೆ, ಗೋಡೆಗೆ ಅಂಟಿಕೊಳ್ಳಲು ಬರೀ ಮೇಲ್ಮೈಯ ಸಣ್ಣ ಹಿಡಿಬೇರು. ಗಟ್ಟಿ ಕಲ್ಲಿಗೆ ಅದರಿಂದ ಅಂಥ ಹಾನಿಯಿಲ್ಲ. ಆದರೆ ಗಾರೆ ಉದುರಿದ ಸಂದಿಗೆ ಕಾಂಡವೊಂದು ತೂರಿತೋ, ಅದು ದಪ್ಪವಾಗುತ್ತ ಕಲ್ಲನ್ನು ಸರಿಸುತ್ತದೆ. ಆದ್ದರಿಂದ ಕತ್ತರಿಸುವ ಕೆಲಸ ನಿಲ್ಲುವಂತಿಲ್ಲ. ಎಳೆದು ಕಿತ್ತರೆ ಗಾರೆಯೂ ಕಿತ್ತುಬರುತ್ತದೆ. ಬುಡದಲ್ಲಿ ಕತ್ತರಿಸಿ, ಒಣಗಲು ಬಿಟ್ಟು, ಆಮೇಲೆ ಬಿಡಿಸಬೇಕು.

ಚಾವಣಿಯಿಲ್ಲದ ಗೋಡೆಯ ದೊಡ್ಡ ಶತ್ರು ನೀರು. ಗೋಡೆಯ ನೆತ್ತಿಯಿಂದ ಮಳೆ ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗಿ ಕಲ್ಲಿನ ಅಂಚನ್ನು ಚಕ್ಕೆ ಎಬ್ಬಿಸುತ್ತದೆ. ಇಂಥ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಕಲ್ಲೇ ಕೊಳೆಯುತ್ತದೆ. ಹಾಕಬೇಕಾದ್ದು ಸುಣ್ಣದ ಗಾರೆ.

ಪ್ರಶ್ನೆ: ಫೋಟೊ ತೆಗೆಯಬಹುದೇ? ಚಪ್ಪಲಿ ಬಿಡಬೇಕೇ?

ಉತ್ತರ: ಚಪ್ಪಲಿ ಬಿಡಬೇಕಿಲ್ಲ, ತಲೆಗೆ ಬಟ್ಟೆಯೂ ಬೇಕಿಲ್ಲ. ಸ್ವಂತಕ್ಕೆ ಫೋಟೊ ತೆಗೆಯಲು ಅಡ್ಡಿಯಿಲ್ಲ, ವಾಣಿಜ್ಯ ಚಿತ್ರೀಕರಣಕ್ಕೆ ಕಾರ್ಪೊರೇಷನ್‌ನ ಅನುಮತಿ ಬೇಕು. ಗಾಜಿಲ್ಲದ ಕಿಟಕಿಯ ಕಲ್ಲಿನ ಜಾಲಂಧ್ರವೇ ಇಲ್ಲಿನ ಸೊಗಸು. ಫೋನಿನಲ್ಲಿ ಅದರಾಚೆಯ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ, ಆಕಾಶದ ಮೇಲೆ ಬೆರಳಿಟ್ಟು ಬೆಳಕು ಇಳಿಸಿಕೊಳ್ಳಿ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ 15 ಡಿಗ್ರಿಯಷ್ಟೇ ಏರುವುದರಿಂದ ಸುತ್ತಲಿನ ಕಟ್ಟಡಗಳ ನೆರಳು ಬೀಳುತ್ತದೆ. ಜಾಲಂಧ್ರದ ನೆರಳು ನೆಲದ ಮೇಲೆ ಬಿಡಿಸಿದಂತೆ ಬೀಳುವುದು ಬೇಸಿಗೆಯಲ್ಲಿ.

ಪ್ರಶ್ನೆ: ಅದೇ ದಿನ ಇಂಥದ್ದೇ ಬೇರೇನಾದರೂ ನೋಡಬಹುದೇ?

ಉತ್ತರ: ಎರಡಿವೆ. ಸೇಂಟ್ ಪಾಲ್ಸ್ ಸ್ಟೇಷನ್ ಹತ್ತಿರದ ಕ್ರೈಸ್ಟ್‌ಚರ್ಚ್ ಗ್ರೇಫ್ರಯರ್ಸ್ 1940ರ ಡಿಸೆಂಬರ್ 29ರ ರಾತ್ರಿ ಸುಟ್ಟದ್ದು. ಕಂಬಗಳಿದ್ದ ಕಡೆ ಈಗ ಬಳ್ಳಿ ಹಬ್ಬಿಸಿದ ಮರದ ಚೌಕಟ್ಟುಗಳಿವೆ. ಇನ್ನೊಂದು ಸೇಂಟ್ ಮೇರಿ ಆಲ್ಡರ್‌ಮನ್‌ಬರಿ. ಅದರ ಉಳಿದ ಕಲ್ಲುಗಳನ್ನು ಅಮೆರಿಕದ ಮಿಸೌರಿಯ ಫುಲ್ಟನ್‌ಗೆ ಸಾಗಿಸಿ ಅಲ್ಲಿ ಮತ್ತೆ ಚರ್ಚು ಕಟ್ಟಿಕೊಂಡರು. ಲಂಡನ್‌ನಲ್ಲಿ ಉಳಿದದ್ದು ಅಡಿಪಾಯದ ಗೆರೆ ಮತ್ತು ಒಂದು ಪುಟ್ಟ ತೋಟ. ಮಕ್ಕಳು ಜೊತೆಗಿದ್ದರೆ ಇದನ್ನು ಬಿಡಬಹುದು, ಅವರಿಗೆ ನೋಡಲು ಅಲ್ಲಿ ಹೆಚ್ಚೇನಿಲ್ಲ.