ಚೆಂಡನ್ನು 'ವೃತ್ತ' ಎನ್ನುವ ಮಗುವಿಗೆ ಘನಾಕೃತಿ ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮಗಳು ಎರಡನೇ ತರಗತಿ. ಚೆಂಡು ತೋರಿಸಿದರೆ 'ವೃತ್ತ' ಎನ್ನುತ್ತಾಳೆ, ಬೆಂಕಿಪೊಟ್ಟಣ ತೋರಿಸಿದರೆ 'ಆಯತ' ಎನ್ನುತ್ತಾಳೆ. ಚಾರ್ಟ್ ತಂದು ಗೋಡೆಗೆ ಅಂಟಿಸಿ ಒಂದು ವಾರ ಬಾಯಿಪಾಠ ಮಾಡಿಸಿದರೂ ಅಷ್ಟೇ. ಇನ್ನೇನು ಮಾಡಲಿ, ವಿಡಿಯೋ ತೋರಿಸಲಾ ಅಂತ ಕೇಳಿದ್ದೀರಿ. ನಾನು ತಿಪಟೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ತೊಡಕು ನನಗೆ ಪ್ರತಿ ವರ್ಷ ಎದುರಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಮಗಳು ಹೇಳುತ್ತಿರುವುದು ಪೂರ್ತಿ ತಪ್ಪಲ್ಲ. ನಾವು ಮನೆಯಲ್ಲಿ ಹೇಗೆ ಮಾತಾಡುತ್ತೇವೆ ನೋಡಿ. ರೊಟ್ಟಿ ಗುಂಡಗಿದೆ. ಮುದ್ದೆ ಗುಂಡಗಿದೆ. ಬಳೆ ಗುಂಡಗಿದೆ, ಕಂಬವೂ ಗುಂಡಗಿದೆ. ನಾಲ್ಕಕ್ಕೂ ಒಂದೇ ಮಾತು! ಮಗುವಿಗೆ ಶಾಲೆಯಲ್ಲಿ 'ಗುಂಡಗಿದ್ದರೆ ವೃತ್ತ' ಎಂದು ಮೊದಲು ಕಲಿಸಿರುತ್ತಾರೆ. ಮುದ್ದೆಯನ್ನು ಅವಳು ವೃತ್ತ ಎಂದರೆ ನಾವು ಕಲಿಸಿದ್ದನ್ನೇ ಒಪ್ಪಿಸುತ್ತಿದ್ದಾಳೆ. 'ಚೌಕ'ದ ಕಥೆಯೂ ಇದೇ. ರಂಗೋಲಿಯ ಚೌಕ, ಮೈಸೂರು ಪಾಕಿನ ಚೌಕ, ಎರಡೂ ಚೌಕವೇ. ಆದ್ದರಿಂದ ಅವಳಿಗೆ ಬೇಕಿರುವುದು ಹೊಸ ಹೆಸರಿಗಿಂತ ಮೊದಲು ಒಂದು ವ್ಯತ್ಯಾಸದ ಅರಿವು: ಕೆಲವು ಆಕಾರ ಹಾಳೆಯ ಮೇಲೆ ಇರುತ್ತವೆ, ಕೆಲವು ಕೈಯೊಳಗೆ ಇರುತ್ತವೆ. ಕೈಯೊಳಗೆ ಇರುವಂಥವೇ ಘನಾಕೃತಿ.

ಚಾರ್ಟನ್ನು ಈಗಲೇ ತೆಗೆದಿಡಿ. ಸುಮ್ನೆ ಹೇಳುತ್ತಿಲ್ಲ. ಶುರುವಿನ ವರ್ಷಗಳಲ್ಲಿ ನಾನೂ ಚಾರ್ಟಿನಿಂದಲೇ ಕಲಿಸುತ್ತಿದ್ದೆ. ಒಂದು ದಿನ ಹಾಗೇ ಕೇಳಿದೆ, ಘನಕ್ಕೆ, ಅಂದರೆ ದಾಳದಂಥ ಆಕಾರಕ್ಕೆ, ಎಷ್ಟು ಮುಖ ಅಂತ. ಒಬ್ಬಳು ಹುಡುಗಿ ಚಾರ್ಟ್ ನೋಡಿ ಬೆರಳಿಟ್ಟು ಎಣಿಸಿ, "ಮೂರು ಮಿಸ್" ಎಂದಳು. ಸರಿಯಾಗೇ ಎಣಿಸಿದ್ದಳು. ಚಿತ್ರದಲ್ಲಿ ಕಾಣುವುದು ಮೂರೇ ಮುಖ. ಆಮೇಲೆ ಒಂದು ದಾಳವನ್ನು ಕೈಗೆ ಕೊಟ್ಟರೆ, "ಇದು ಘನ ಅಲ್ಲ ಮಿಸ್, ಘನದ ಗೆರೆ ಓರೆ ಇರುತ್ತೆ" ಅಂದಳು. ಅವತ್ತು ನನಗೆ ಅರ್ಥವಾಯಿತು, ಆ ಮಗು ಕಲಿತದ್ದು ಘನವನ್ನಲ್ಲ, ಘನದ ಚಿತ್ರವನ್ನು. ವಿಡಿಯೋ ಕೂಡ ಚಿತ್ರವೇ, ಅಲ್ವಾ? ತಿರುಗಿಸಿ ತೋರಿಸುತ್ತದೆ, ನಿಜ. ಆದರೆ ತಿರುಗಿಸುವ ಕೈ ಮಗುವಿನದಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಒಂದು ಬಟ್ಟೆ ಚೀಲದಿಂದ. ಒಳಗೆ ಕಾಣದಂಥ ಕೈಚೀಲ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕೈದು ವಸ್ತು ಹಾಕಿ: ರಬ್ಬರ್ ಚೆಂಡು, ಬೆಂಕಿಪೊಟ್ಟಣ, ಹಾವು ಏಣಿ ಆಟದ ದಾಳ, ಮುಚ್ಚಿದ ಪೌಡರ್ ಡಬ್ಬಿ, ದಪ್ಪ ಕಾಗದದ ಒಂದು ಪೊಟ್ಟಣ. ಕಡಲೆಕಾಯಿ ಕಟ್ಟಿಕೊಡುತ್ತಾರಲ್ಲ, ಆ ಥರದ್ದು. ಹಳೆಯ ಲಗ್ನಪತ್ರಿಕೆಯಲ್ಲಿ ಸುತ್ತಿ ಅಂಟಿಸಿದರೆ ಚೆನ್ನಾಗಿ ನಿಲ್ಲುತ್ತದೆ. ಅಗಲ ಬಾಯಿಗೆ ಒಂದು ಬಿಲ್ಲೆ ಕತ್ತರಿಸಿ ಮುಚ್ಚಿ. ಈಗ ಮಗು ಕೈ ಹಾಕಿ ಒಂದನ್ನು ಹಿಡಿಯಬೇಕು, ಹೊರಗೆ ತೆಗೆಯಬಾರದು. ಅದರ ಹೆಸರು ಹೇಳಬಾರದು, ಯಾವುದಕ್ಕೆ ಬಳಸುತ್ತೇವೆ ಎಂದೂ ಹೇಳಬಾರದು. ಹೇಗಿದೆ ಅಂತ ಮಾತ್ರ ಹೇಳಬೇಕು. ನೀವು ಕೇಳಿ ಊಹಿಸಬೇಕು.

ಮೊದಲ ದಿನ ಮಕ್ಕಳು ಹೇಳುವುದು "ತಣ್ಣಗಿದೆ", "ನುಣ್ಣಗಿದೆ", "ಚಿಕ್ಕದು". ಇದು ವಸ್ತುವಿನ ಮಾತು, ಆಕಾರದ ಮಾತಲ್ಲ. ತಿದ್ದಬೇಡಿ. "ಇನ್ನೂ ಗೊತ್ತಾಗಲಿಲ್ಲ, ಮೂಲೆ ಸಿಗುತ್ತಾ?" ಎಂದು ಕೇಳಿ. "ಮಟ್ಟಸ ಇದೆಯಾ, ಉಬ್ಬಿದೆಯಾ?" "ಚುಚ್ಚುತ್ತಾ?" ಎರಡು ಮೂರು ದಿನದಲ್ಲಿ ಮಾತು ಬದಲಾಗುತ್ತದೆ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ, ಜಾಸ್ತಿ ಮಾತಾಡುವವನೇ ಅಲ್ಲ, ಪೌಡರ್ ಡಬ್ಬಿಯನ್ನು ಚೀಲದೊಳಗೇ ಸುತ್ತಿಸಿ ಸುತ್ತಿಸಿ ನೋಡಿ, "ಮೇಲೆ ಮಟ್ಟಸ, ಕೆಳಗೆ ಮಟ್ಟಸ, ಸುತ್ತ ಹೋದ್ರೆ ಎಲ್ಲೂ ಮೂಲೆ ಸಿಗ್ತಾ ಇಲ್ಲ" ಎಂದ. ಸಿಲಿಂಡರ್ ಎಂದರೇನು ಎಂದು ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ಆಮೇಲೆ ನಾನು, "ಇಂಥದ್ದಕ್ಕೆ ಸಿಲಿಂಡರ್ ಅಂತಾರೆ ಕಣೋ" ಎಂದೆ. ಹೆಸರು ಹೀಗೆ ಕೊನೆಗೆ ಬರಬೇಕು. ತಾನೇ ಹುಡುಕಿದ್ದಕ್ಕೆ ಹೆಸರು ಸಿಕ್ಕರೆ ಮಗು ಅದನ್ನು ಮರೆಯುವುದಿಲ್ಲ.

ಇದರ ಹಿಂದೆ ಹಳೆಯ ಅನುಭವವೂ ಇದೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಕೇಂದ್ರ ತೆರೆದರು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಅವರು ಮಕ್ಕಳ ಕೈಗೆ ಕೊಟ್ಟ ಆಟದ ವಸ್ತುಗಳಲ್ಲಿ ಮರದ ಗೋಳ, ಸಿಲಿಂಡರ್ ಮತ್ತು ಘನದ ಒಂದು ಜೊತೆ ಇತ್ತು. ಗೋಳಕ್ಕೆ ಮೂಲೆಯಿಲ್ಲ, ಘನಕ್ಕೆ ಉಬ್ಬಿಲ್ಲ, ಸಿಲಿಂಡರ್‌ನಲ್ಲಿ ಎರಡರದ್ದೂ ಸ್ವಲ್ಪ ಸ್ವಲ್ಪ. ದಾರ ಕಟ್ಟಿ ಅವನ್ನು ತಿರುಗಿಸಿ ನೋಡುವ ಆಟವೂ ಇತ್ತು. ನೀವೂ ಮಾಡಿ. ಚಿಕ್ಕ ಪೆಟ್ಟಿಗೆಯೊಂದರ ಮುಖದ ನಡುವೆ ದಾರ ಪೋಣಿಸಿ, ಹುರಿ ಹಾಕಿ ಬಿಡಿ. ಗಿರ್ರನೆ ತಿರುಗುವಾಗ ಅದು ಸಿಲಿಂಡರ್‌ನಂತೆ ಕಾಣುತ್ತದೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಡಚ್ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲೆ 1957ರಲ್ಲಿ ರೇಖಾಗಣಿತದ ಕಲಿಕೆಯ ಬಗ್ಗೆ ಹೇಳಿದ್ದು ನನಗೆ ದಿನವೂ ಕೆಲಸಕ್ಕೆ ಬರುತ್ತದೆ. ಮಕ್ಕಳು ಮೊದಲು ಆಕಾರವನ್ನು ಇಡಿಯಾಗಿ ನೋಡಿ ಗುರುತಿಸುತ್ತಾರೆ, ಅದರ ಗುಣಗಳನ್ನು ಬಿಡಿಸಿ ಹೇಳುವುದು ಆಮೇಲಿನ ಮೆಟ್ಟಿಲು. ಆ ಮೆಟ್ಟಿಲು ವಯಸ್ಸಾದ ಹಾಗೆ ತಾನಾಗಿ ಹತ್ತುವಂಥದ್ದಲ್ಲ. ಅಂಥ ಕೆಲಸ ಕೊಟ್ಟರೆ ಮಾತ್ರ ಹತ್ತುತ್ತಾರೆ.

ಎರಡನೇ ವಾರ ಉರುಳಿಸುವ ಆಟ. ಒಂದು ಹಲಗೆಯನ್ನೋ ದೊಡ್ಡ ಪುಸ್ತಕವನ್ನೋ ಓರೆಯಾಗಿಡಿ. ಪ್ರತಿ ವಸ್ತುವನ್ನು ಬಿಡುವ ಮೊದಲು ಮಗಳನ್ನು ಕೇಳಿ, ಉರುಳುತ್ತಾ, ಜಾರುತ್ತಾ? ಚೆಂಡು ಯಾವ ಕಡೆಗಾದರೂ ಉರುಳುತ್ತದೆ. ಡಬ್ಬಿ ಮಲಗಿಸಿದರೆ ನೆಟ್ಟಗೆ ಉರುಳುತ್ತದೆ, ನಿಲ್ಲಿಸಿದರೆ ಜಾರುತ್ತದೆ. ಬೆಂಕಿಪೊಟ್ಟಣ ಹೇಗಿಟ್ಟರೂ ಜಾರುವುದೇ. ಈಗ ಕಾಗದದ ಪೊಟ್ಟಣವನ್ನು ನೆಲದ ಮೇಲೆ ಮಲಗಿಸಿ ಮೆಲ್ಲಗೆ ತಳ್ಳಿ. ಅದು ನೆಟ್ಟಗೆ ಹೋಗುವುದಿಲ್ಲ, ತನ್ನ ಮೊನೆಯ ಸುತ್ತಲೇ ಸುತ್ತು ಹಾಕಿ ಬರುತ್ತದೆ! ಯಾಕೆ ಹೀಗೆ ಎಂದು ಕೇಳಿ, ಉತ್ತರ ಹೇಳದೆ ಕಾಯಿರಿ. ನಮ್ಮಲ್ಲಿ ಒಂದು ಸಲ ಇಡೀ ಪೀರಿಯಡ್ ಇದರಲ್ಲೇ ಕಳೆಯಿತು. ಒಬ್ಬ ಕಾಗದ ಸರಿಯಿಲ್ಲ ಎಂದ, ಮತ್ತೊಬ್ಬಳು ನೆಲ ಓರೆ ಎಂದಳು, ಬೇರೆ ಜಾಗದಲ್ಲಿ ಹೋಗಿ ತಳ್ಳಿದರು. ಕೊನೆಗೆ ಒಂದು ಮಗು, "ದಪ್ಪ ಕಡೆ ಜಾಸ್ತಿ ದೂರ ಹೋಗುತ್ತೆ, ಮೊನೆ ಅಲ್ಲೇ ಇರುತ್ತೆ" ಎಂದಿತು. ಆ ಪೊಟ್ಟಣಕ್ಕೆ ಅವತ್ತು 'ಶಂಕು' ಎಂಬ ಹೆಸರು ಕೊಟ್ಟೆ. ಮಕ್ಕಳು ಇದನ್ನು ಶಂಖ ಎಂದು ಕೇಳಿಸಿಕೊಳ್ಳುತ್ತಾರೆ, ಬೋರ್ಡಿನ ಮೇಲೆ ಬರೆದು ಓದಿಸಿ.

ಇನ್ನು ಎಣಿಕೆ. ಮುಖ, ಅಂಚು, ಶೃಂಗ. ಮುಖ ಎನ್ನುವ ಮಾತು ಮಕ್ಕಳಿಗೆ ಸುಲಭ. ಅಂಚನ್ನು ಸೀರೆಯಿಂದ ಬಲ್ಲರು. ಎರಡು ಮುಖ ಕೂಡುವ ಗೆರೆ ಅಂಚು ಎಂದು ಬೆರಳಾಡಿಸಿ ತೋರಿಸಿ. ಶೃಂಗ ಮಾತ್ರ ನಾಲಿಗೆಗೆ ತೊಡಕು. ಮೊದಲು 'ಮೂಲೆ' ಎನ್ನಿ, ಸ್ವಲ್ಪ ದಿನದ ಮೇಲೆ 'ಪುಸ್ತಕದಲ್ಲಿ ಮೂಲೆಗೆ ಶೃಂಗ ಅಂತಾರೆ' ಎನ್ನಿ. ಎಣಿಸುವಾಗ ಮಕ್ಕಳು ತಪ್ಪುವುದು ಲೆಕ್ಕ ಬಾರದೆ ಅಲ್ಲ. ಎಲ್ಲಿಂದ ಶುರು ಮಾಡಿದೆ ಎಂಬುದೇ ಮರೆತುಹೋಗುತ್ತದೆ, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಾರೆ. ಅದಕ್ಕೆ ಗುರುತು ಹಾಕಿಸಿ. ಟೂತ್‌ಪೇಸ್ಟ್ ಪೆಟ್ಟಿಗೆಯ ಒಂದೊಂದು ಮೂಲೆಗೂ ಕುಂಕುಮದ ಬೊಟ್ಟು ಇಡಿಸಿ, ಇಟ್ಟ ಮೇಲೆ ಬೊಟ್ಟು ಎಣಿಸಿಸಿ. 8 ಬರುತ್ತದೆ. ಅಂಚಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಸಿ, 12. ಮುಖಗಳ ಮೇಲೆ ಒಂದು, ಎರಡು ಎಂದು ಸಂಖ್ಯೆ ಬರೆಸಿ, 6. ದಾಳದ ಮುಖಗಳಲ್ಲಿ ಈ ಸಂಖ್ಯೆ ಆಗಲೇ ಇದೆ. ಎದುರುಬದುರು ಮುಖಗಳ ಚುಕ್ಕೆ ಕೂಡಿಸಿದರೆ 7 ಬರುತ್ತದೆ, ಅದನ್ನೂ ಅವಳೇ ಕಂಡುಹಿಡಿಯಲಿ.

ಇದಾದ ಮೇಲೆ ಆಕಾರದ ಅಸ್ಥಿಪಂಜರ ಕಟ್ಟಿಸಿ. ನನಗೆ ಅತಿ ಪ್ರೀತಿಯ ಪಾಠ ಇದು. ನಮ್ಮಲ್ಲಿ ತೆಂಗಿನ ಗರಿಯ ಕಡ್ಡಿಗೆ ಬರವಿಲ್ಲ. ಒಂದೇ ಅಳತೆಗೆ ಮುರಿದ ಕಡ್ಡಿ, ಜೇಡಿಮಣ್ಣಿನ ಸಣ್ಣ ಉಂಡೆ, ಅಷ್ಟು ಸಾಕು. ಪೇಟೆಯಲ್ಲಿದ್ದರೆ ಪೊರಕೆ ಕಡ್ಡಿ ಮತ್ತು ರಾತ್ರಿ ನೆನೆಸಿದ ಬಟಾಣಿ. 12 ಕಡ್ಡಿ, 8 ಉಂಡೆ ಎಣಿಸಿ ಕೊಟ್ಟು ಘನ ಕಟ್ಟು ಎನ್ನಿ. 8 ಕಡ್ಡಿ, 5 ಉಂಡೆ ಕೊಟ್ಟರೆ ಚೌಕ ತಳದ ಪಿರಮಿಡ್. ಕಡ್ಡಿಯೇ ಅಂಚು, ಉಂಡೆಯೇ ಶೃಂಗ. ಇಲ್ಲೊಂದು ಚೆಂದದ ಸಂಗತಿ ಇದೆ. ಘನ ಕಟ್ಟಿ ಮುಗಿಸಿದರೆ ಅದು ತೂಗಾಡುತ್ತದೆ, ಒಂದು ಕಡೆಗೆ ವಾಲುತ್ತದೆ. ಪಿರಮಿಡ್ ಅಷ್ಟು ಅಲ್ಲಾಡುವುದಿಲ್ಲ. ಮಕ್ಕಳು ತಮ್ಮ ಕೈಗುಣ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಘನದ ಒಂದು ಮುಖಕ್ಕೆ ಮೂಲೆಯಿಂದ ಮೂಲೆಗೆ ಅಡ್ಡಕಡ್ಡಿ ಕೊಡಿಸಿ, ಆ ಮುಖ ಗಟ್ಟಿಯಾಗುತ್ತದೆ. ಹೆಂಚಿನ ಮನೆಯ ಮಾಡನ್ನು ಹೊತ್ತ ಮರದ ಚೌಕಟ್ಟಿನಲ್ಲಿ ತ್ರಿಕೋನ ಯಾಕಿರುತ್ತದೆ ಎಂದು ಆಗ ತೋರಿಸಬಹುದು.

ಪೆಟ್ಟಿಗೆ ಬಿಡಿಸುವುದನ್ನೂ ಬಿಡಬೇಡಿ. ಡಬ್ಬಿಗೆ ಸುತ್ತಿದ ಕಾಗದವನ್ನು ನೆಟ್ಟಗೆ ಕತ್ತರಿಸಿ ಹರಡಿದರೆ ಆಯತ! ಉಬ್ಬಿದ್ದ ಮೈ ಮಟ್ಟಸ ಹಾಳೆಯಾಗುತ್ತದೆ. ಘನವನ್ನು ಅಂಚಿನಲ್ಲಿ ಕತ್ತರಿಸಿ ಹರಡಿದರೆ 6 ಚೌಕಗಳ ಒಂದು ಹಾಳೆ. ಈ 6 ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಘನ ಮಾಡಬಲ್ಲ ಜೋಡಣೆಗಳು ಒಟ್ಟು 11. ಎರಡನೇ ತರಗತಿಗೆ ಎರಡು ಮೂರು ಸಿಕ್ಕರೂ ಸಾಕು. ದೊಡ್ಡ ಮಕ್ಕಳಿಗೆ ಹನ್ನೊಂದನ್ನೂ ಹುಡುಕಲು ಬಿಡುತ್ತೇನೆ.

ಒಂದು ಎಚ್ಚರಿಕೆ. ಉದಾಹರಣೆ ಕೊಡುವಾಗ 'ಅಲ್ಲ'ದ್ದನ್ನೂ ಕೊಡಿ. ಮೊಟ್ಟೆ ಗೋಳವಾ? ನಿಂಬೆಹಣ್ಣು? ಅಚ್ಚು ಬೆಲ್ಲ ಸಿಲಿಂಡರಾ? ಅದು ಬಕೆಟ್ ಥರ ಒಂದು ಕಡೆ ಕಿರಿದು. ನಾನೇ ಒಂದು ದಿನ ಚಾಕ್‌ಪೀಸ್ ಹಿಡಿದು ಸಿಲಿಂಡರ್ ಎಂದಾಗ, ಮುಂದಿನ ಸಾಲಿನ ಹುಡುಗಿ, "ಮಿಸ್, ಅದು ಒಂದು ತುದಿ ಸಣ್ಣ ಇದೆ" ಎಂದಳು. ಎರಡು ತುದಿ ಅಕ್ಕಪಕ್ಕ ಇಟ್ಟು ನೋಡಿದೆವು, ಅವಳು ಹೇಳಿದ್ದೇ ಸರಿ. ಎಷ್ಟು ಸಂತೋಷವಾಯಿತು ಎಂದರೆ, ಆ ಚಾಕ್‌ಪೀಸನ್ನು ಅವಳಿಗೇ ಕೊಟ್ಟೆ. ಹಾಗೆಯೇ, ನಾಣ್ಯ ವೃತ್ತವಲ್ಲ, ತೆಳ್ಳಗಿನ ಸಿಲಿಂಡರ್. ಒಂದರ ಮೇಲೊಂದು 10 ನಾಣ್ಯ ಪೇರಿಸಿದರೆ ಮಗುವಿಗೆ ಕೂಡಲೇ ಹೊಳೆಯುತ್ತದೆ. ತೆಂಗಿನಕಾಯಿ ಹೋಳು ಅರ್ಧಗೋಳಕ್ಕೆ ಹತ್ತಿರ. ಮನೆಯಲ್ಲಿ ಚನ್ನಪಟ್ಟಣದ ಬೊಂಬೆ ಇದ್ದರೆ ತೋರಿಸಿ, ಅದರಲ್ಲಿ ಚೂಪು ಮೂಲೆ ಕಡಿಮೆ. ಹಾಲೆ ಮರದ ತುಂಡು ಲೇತಿನ ಮೇಲೆ ತಿರುಗುತ್ತಿರುವಾಗ ಉಳಿ ತಾಗಿಸುತ್ತಾರೆ, ಸುತ್ತಲೂ ಒಂದೇ ಸಮ ಕೆತ್ತುತ್ತದೆ. ಅದಕ್ಕೇ ತಲೆ ಗೋಳ, ಮೈ ಸಿಲಿಂಡರ್, ಟೋಪಿ ಶಂಕು.

ಸಿಲಿಂಡರ್‌ಗೆ ಎಷ್ಟು ಮುಖ, ಶಂಕುವಿನ ಮೊನೆ ಶೃಂಗವಾ ಎಂಬಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ವ್ಯತ್ಯಾಸವಿದೆ. ಕೆಲವರು ಉಬ್ಬಿದ ಮೈಯನ್ನೂ ಮುಖ ಎಂದು ಎಣಿಸುತ್ತಾರೆ, ಕೆಲವರು ಎಣಿಸುವುದಿಲ್ಲ. ಮಗಳಿಗೆ "2 ಮಟ್ಟಸ ಮುಖ, 1 ಬಾಗಿದ ಮೈ" ಎಂದು ಬಿಡಿಸಿ ಹೇಳಲು ಕಲಿಸಿ. ಪರೀಕ್ಷೆಗೆ ಅವಳ ಪಾಠದ ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಬರೆಯಲಿ.

ಇಷ್ಟಾದ ಮೇಲೆ ಚಾರ್ಟನ್ನು ಮತ್ತೆ ಹೊರತೆಗೆಯಿರಿ. ಘನದ ಚಿತ್ರದ ಪಕ್ಕ ದಾಳ ಹಿಡಿದು, ಇಲ್ಲಿ ಕಾಣದೆ ಅಡಗಿರುವ ಮುಖ ಯಾವುವು, ಬೆರಳಿಟ್ಟು ತೋರಿಸು ಎನ್ನಿ. ಅವಳು ದಾಳದ ಹಿಂಬದಿಗೆ, ಪಕ್ಕಕ್ಕೆ, ಅಡಿಗೆ ಬೆರಳು ಒಯ್ದು ಮೂರನ್ನೂ ತೋರಿಸಿದರೆ, ಆ ಚಿತ್ರವನ್ನು ಗೋಡೆಗೆ ಅಂಟಿಸಬಹುದು.