ಮೂತ್ರಕೋಶವನ್ನೇ ತೆಗೆಯಬೇಕೆಂದಾಗ

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ, ಬಹುಕಾಲ ಬೀಡಿ ಸೇದಿದವರು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಗಡ್ಡೆಯನ್ನು ಕೆರೆದು ಪರೀಕ್ಷೆಗೆ ಕಳಿಸಿದಾಗ, ಕ್ಯಾನ್ಸರ್ ಮೂತ್ರಕೋಶದ ಸ್ನಾಯುವಿಗೆ ಇಳಿದಿದೆಯೆಂದು ತಿಳಿಯಿತು. ಕೋಶವನ್ನೇ ತೆಗೆಯಬೇಕಂತೆ. ಹೊಟ್ಟೆಗೆ ಚೀಲ ಅಂಟಿಸಿಕೊಂಡು ಬದುಕಲಾರೆನೆಂದು ತಂದೆಯವರು ಒಪ್ಪುತ್ತಿಲ್ಲ. ಗಡ್ಡೆಯನ್ನಷ್ಟೇ ತೆಗೆದರೆ ಸಾಲದೇ?
– ಓದುಗರೊಬ್ಬರು, ಹಾಸನ

ಉತ್ತರ: ಸಾಲದು. ಗಡ್ಡೆ ಒಳಪದರದಲ್ಲಷ್ಟೇ ಇದ್ದಿದ್ದರೆ ಕೆರೆದು ತೆಗೆದು, ಕೋಶದೊಳಕ್ಕೆ ಔಷಧಿ ಹಾಕಿ ನೋಡಬಹುದಿತ್ತು. ಸ್ನಾಯುವಿಗೆ ಇಳಿದ ಕ್ಯಾನ್ಸರ್ ಬೇರೆಡೆಗೆ ಹರಡುವ ಸಂಭವ ಹೆಚ್ಚಾದ್ದರಿಂದ, ಗಂಡಸರಲ್ಲಿ ಮೂತ್ರಕೋಶದೊಂದಿಗೆ ಪ್ರಾಸ್ಟೇಟನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುತ್ತಾರೆ. ಕಿಡ್ನಿ ಚೆನ್ನಾಗಿದ್ದರೆ ಅದಕ್ಕೂ ಮೊದಲು ಕೀಮೋಥೆರಪಿ ಕೊಡುವುದುಂಟು. ಆಯ್ದ ಕೆಲವರಲ್ಲಿ ಕೀಮೋ ಮತ್ತು ವಿಕಿರಣದಿಂದ ಕೋಶವನ್ನು ಉಳಿಸಲು ಪ್ರಯತ್ನಿಸಬಹುದು. ತಂದೆಯವರಿಗೆ ಅದು ಸಾಧ್ಯವೇ ಎಂದು ಕೇಳಿ, ಆದರೆ ಕೇಳುವುದರಲ್ಲೇ ತಿಂಗಳುಗಳನ್ನು ಕಳೆಯಬೇಡಿ.

ಇನ್ನು ಚೀಲದ ಮಾತು. ಸಣ್ಣ ಕರುಳಿನ ಸುಮಾರು 15 ಸೆಂಟಿಮೀಟರ್ ಉದ್ದದ ತುಂಡನ್ನು ಬೇರ್ಪಡಿಸಿ, ಕಿಡ್ನಿಗಳಿಂದ ಬರುವ ಎರಡೂ ನಾಳಗಳನ್ನು ಅದಕ್ಕೆ ಜೋಡಿಸಿ, ಅದರ ತುದಿಯನ್ನು ಹೊಕ್ಕುಳಿನ ಬಲಕ್ಕೆ ಚರ್ಮದ ಮೇಲೆ ತೆರೆಯುತ್ತಾರೆ; ಅಲ್ಲಿಂದ ಬರುವ ಮೂತ್ರ ಅದರ ಮೇಲೆ ಅಂಟಿಸಿದ ಚೀಲದಲ್ಲಿ ಸೇರುತ್ತದೆ. ಸ್ಟೋಮಾ ಎನ್ನುವ ಈ ಬಾಯಿ ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರುತ್ತದೆ, ಮುಟ್ಟಿದರೆ ನೋಯುವುದಿಲ್ಲ. ಮೂತ್ರದಲ್ಲಿ ಬಿಳಿ ಲೋಳೆ ಕಂಡರೆ ಗಾಬರಿಯಾಗಬೇಡಿ, ಅದನ್ನು ಸ್ರವಿಸುವುದು ಕರುಳಿನ ಗುಣ. ಚೀಲ ಅರ್ಧ ತುಂಬುವ ಮೊದಲೇ ಕೆಳಗಿನ ತಿರುಪು ತೆರೆದು ಖಾಲಿ ಮಾಡಬೇಕು. ರಾತ್ರಿ ದೊಡ್ಡ ಚೀಲಕ್ಕೆ ಕೊಳವೆ ಜೋಡಿಸಿದರೆ ನಿದ್ದೆ ಕೆಡುವುದಿಲ್ಲ.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ಸ್ಟೋಮಾದ ಜಾಗವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗುರುತು ಮಾಡಿಸಿ. ತಂದೆಯವರು ದಿನವೂ ಉಡುವ ಪಂಚೆಯನ್ನೇ ಉಟ್ಟು ಹೋಗಲಿ. ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿ, ಪಂಚೆಯ ಕಟ್ಟೂ ಹೊಟ್ಟೆಯ ಮಡಿಕೆಯೂ ತಾಗದ, ಅವರ ಕಣ್ಣಿಗೇ ಕಾಣುವ ಜಾಗದಲ್ಲಿ ಗುರುತು ಹಾಕಬೇಕು. ಮಡಿಕೆಯಲ್ಲಿ ಕೂತ ಚೀಲ ಸೋರುತ್ತದೆ, ಸೋರಿದರೆ ಚರ್ಮ ಹುಣ್ಣಾಗುತ್ತದೆ, ಆಗ ಮನುಷ್ಯ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸುತ್ತಾನೆ.

ಚೀಲವೇ ಬೇಡವೆಂದರೆ, ಸುಮಾರು ಅರ್ಧ ಮೀಟರ್ ಕರುಳಿನಿಂದ ಹೊಸ ಕೋಶವನ್ನು ಹೊಲಿದು ಸಹಜ ಮಾರ್ಗಕ್ಕೇ ಜೋಡಿಸುವ ವಿಧಾನವೂ ಇದೆ. ಆದರೆ ಅದಕ್ಕೆ ಮೂತ್ರ ಬಂದಿದೆಯೆಂಬ ಅರಿವು ಮೊದಲಿನಂತೆ ಇರುವುದಿಲ್ಲ. ಮೂರು-ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಅಲಾರಂ ಇಟ್ಟು ಎದ್ದು, ಖಾಲಿ ಮಾಡಬೇಕು. ಕಿಡ್ನಿ ದುರ್ಬಲವಾಗಿದ್ದರೆ ಅಥವಾ ಮೂತ್ರಮಾರ್ಗದಲ್ಲೂ ಕ್ಯಾನ್ಸರ್ ಇದ್ದರೆ ಇದು ಆಗದು.

ಯಾವುದನ್ನು ಆರಿಸಿದರೂ ಬೀಡಿಯನ್ನು ಇಂದೇ ಬಿಡಿಸಿ. ಸಾಧ್ಯವಾದರೆ, ಸ್ಟೋಮಾ ಇಟ್ಟುಕೊಂಡೇ ಓಡಾಡುತ್ತಿರುವ ಒಬ್ಬರನ್ನು ಭೇಟಿ ಮಾಡಿಸಲು ವೈದ್ಯರನ್ನು ಕೇಳಿ; ತಂದೆಯವರು ಅವರೊಂದಿಗೆ ಒಬ್ಬರೇ ಕೂತು ಮಾತಾಡಲಿ.