ಕ್ರ್ಯಾಶ್ ಬ್ಯಾರಿಯರ್ ಬಾಗಲೆಂದೇ ಇರುವುದು

ಕ್ರ್ಯಾಶ್ ಬ್ಯಾರಿಯರ್ ಎಂದರೇನು, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಖಂಡಾಲಾ ಘಾಟಿನಲ್ಲಿ ಕಾಣುವಂಥ ತೆಳು ತಗಡು ವಾಹನವನ್ನು ತಡೆಯಬಲ್ಲದೇ ಎಂದು ಕೇಳಿದ್ದೀರಿ. ಪುಣೆಯಲ್ಲಿ ರಸ್ತೆ ಕಾಮಗಾರಿಯ ಸೈಟ್ ಎಂಜಿನಿಯರ್ ಆಗಿ ಇವುಗಳನ್ನು ಹಾಕಿಸುವುದೇ ನನ್ನ ಕೆಲಸವಾದ್ದರಿಂದ ಉತ್ತರಿಸುತ್ತಿದ್ದೇನೆ.

ಹಿಡಿತ ತಪ್ಪಿದ ವಾಹನವು ಪ್ರಪಾತಕ್ಕೋ ಎದುರಿನ ಪಥಕ್ಕೋ ನುಗ್ಗದಂತೆ ಅದನ್ನು ಮರಳಿ ರಸ್ತೆಯ ದಿಕ್ಕಿಗೇ ತಿರುಗಿಸುವ ಸಾಧನಕ್ಕೆ ಈ ಹೆಸರು. ಇದನ್ನು ಗಾರ್ಡ್ ರೈಲ್ ಎನ್ನುವವರೂ ಇದ್ದಾರೆ. ಆದರೆ ಪಾದಚಾರಿಗಳಿಗಾಗಿ ಫುಟ್‌ಪಾತಿನ ಅಂಚಿಗೆ ನಿಲ್ಲಿಸುವ ಕಂಬಿಗೂ ಅದೇ ಹೆಸರಿದ್ದು, ಅದು ಕಾರಿನ ಹೊಡೆತವನ್ನು ತಾಳುವಂಥದ್ದಲ್ಲ.

ನೀವು ತೆಳು ಎಂದದ್ದು 3 ಮಿಲಿಮೀಟರ್ ದಪ್ಪದ, ಸತುವಿನ ಲೇಪವಿರುವ, ಎರಡು ಅಲೆಗಳಾಗಿ ಬಾಗಿಸಿದ ಉಕ್ಕಿನ ಹಾಳೆ. ಸಾಮಾನ್ಯವಾಗಿ 2 ಮೀಟರಿಗೊಂದು ಕಂಬವಿದ್ದು, ಚಕ್ರವು ಕಂಬಕ್ಕೆ ಸಿಕ್ಕಿಕೊಳ್ಳದಿರಲೆಂದು ಕಂಬಕ್ಕೂ ಹಾಳೆಗೂ ನಡುವೆ ಸ್ಪೇಸರ್ ಎಂಬ ತುಂಡನ್ನು ಕೂರಿಸಿರುತ್ತಾರೆ. ಕಾರು ಓರೆಯಾಗಿ ಬಂದು ಬಡಿದಾಗ ಕಂಬಗಳು ವಾಲಿ, ಹಾಳೆ ಜಗ್ಗಿ ಹಿಡಿದ ಹಗ್ಗದಂತೆ ಬಿಗಿದುಕೊಂಡು, ಹೊಡೆತದ ಶಕ್ತಿಯ ಬಹುಪಾಲು ಆ ಬಾಗುವಿಕೆಯಲ್ಲೇ ಕರಗುವುದರಿಂದ ಕಾರು ಬೇಲಿಯನ್ನು ಉಜ್ಜಿಕೊಂಡು ಮುಂದೆ ಸಾಗುತ್ತದೆ. ಬಾಗಲು ಹಿಂಬದಿಯಲ್ಲಿ ಜಾಗವಿಲ್ಲದ ಸೇತುವೆಯಂಥ ಕಡೆ ಕಾಂಕ್ರೀಟಿನದೇ ಸರಿ. ಅದರ ಬುಡದ ಇಳಿಜಾರು ಚಕ್ರವನ್ನು ತುಸು ಮೇಲೆತ್ತಿ ತಿರುಗಿಸುತ್ತದೆ.

ಸೈಟಿನಲ್ಲಿ ನಾನು ಮೊದಲು ಪರೀಕ್ಷಿಸುವುದು ಹಾಳೆಗಳ ಜೋಡಣೆಯನ್ನು. ವಾಹನಕ್ಕೆ ಮೊದಲು ಎದುರಾಗುವ ಹಾಳೆಯ ತುದಿ ರಸ್ತೆಯ ಕಡೆಗಿದ್ದು, ಮುಂದಿನದು ಅದರ ಹಿಂದೆ ಸೇರಿರಬೇಕು. ಉಲ್ಟಾ ಆದರೆ ಸಡಿಲಗೊಂಡ ಅಂಚು ಕಾರಿನ ಮೈಯನ್ನೇ ಸೀಳಬಲ್ಲದು. ಬೇಲಿ ಶುರುವಾಗುವ ತುದಿಯಂತೂ ಇನ್ನೂ ಅಪಾಯಕಾರಿ. ಅದನ್ನು ಬೋಳಾಗಿ ಬಿಟ್ಟರೆ ಕಾರಿನೊಳಕ್ಕೇ ತೂರುವ ಸಂಭವವಿರುವುದರಿಂದ ರಸ್ತೆಯಿಂದಾಚೆಗೆ ಹೊರಳಿಸಬೇಕು, ಇಲ್ಲವೇ ಹೊಡೆತ ಹೀರುವ ತುದಿಯನ್ನು ಜೋಡಿಸಬೇಕು. ಇಂಥ ತಡೆಗಳಿಗೆಂದೇ, ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 119ನೇ ಮಾರ್ಗಸೂಚಿ 2015ರಿಂದಲೇ ಇದೆ. ಆದರೂ ರಾಜ್ಯ ರಸ್ತೆಗಳಲ್ಲಿ ಬೋಳು ತುದಿಗಳು ಈಗಲೂ ಕಣ್ಣಿಗೆ ಬೀಳುತ್ತವೆ.

ಇಷ್ಟಾದರೂ ಎರಡಲೆಯ ಹಾಳೆಯನ್ನು ಮುಖ್ಯವಾಗಿ ಕಾರಿನಂಥ ವಾಹನಗಳನ್ನು ಗಮನದಲ್ಲಿಟ್ಟುಕೊಂಡು ರೂಪಿಸಿರುವುದರಿಂದ, ಘಾಟಿಯಿಳಿಜಾರಿನಲ್ಲಿ ಬ್ರೇಕ್ ಕಳೆದುಕೊಂಡ, ತುಂಬಿದ ಲಾರಿಯನ್ನು ಅದು ತಡೆಯುತ್ತದೆಂದು ನಂಬುವಂತಿಲ್ಲ. ಅಂಥ ಜಾಗಕ್ಕೆ ಮೂರಲೆಯ ಹಾಳೆಯನ್ನೋ ಎತ್ತರದ ಕಾಂಕ್ರೀಟ್ ಗೋಡೆಯನ್ನೋ ಆಯ್ದುಕೊಳ್ಳಬೇಕಾಗುತ್ತದೆ.